ಕೋಣೆಯ ನಡುವಿನ ಗುಂಡಿ

ಲ್ಯಾಬನ್ನು ಇನ್ನೊಂದು ವರ್ಷ ಮುಂದುವರಿಸುವ ಅರ್ಜಿಗೆ ಸಂಜೆ ಐದರೊಳಗೆ ಪ್ರೊಫೆಸರ್ ಸಹಿ ಗೀಚದಿದ್ದರೆ ಸಂಶೋಧಕಿಯ ನಾಲ್ಕು ವರ್ಷದ ದುಡಿಮೆ ನೀರುಪಾಲು. ನಾಳೆಯಿಂದ ಮುರಿದ ಕುರ್ಚಿಗಳೆಲ್ಲ ಬಂದು ಅಲ್ಲಿ ಠಿಕಾಣಿ ಹೂಡುತ್ತವೆ.

ಲ್ಯಾಬೆಂದರೆ ಏನು ಮಹಾ, ಒಂದು ಖಾಲಿ ಕೋಣೆ, ನೆಲದ ಮೇಲೊಂದು ಹಲಗೆ. ಇಲ್ಲದ್ದನ್ನು ಇದ್ದಂತೆ ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡರೆ ಮಾತ್ರ ಹಲಗೆಯ ಕೆಳಗೆ ಮೂರು ಅಂತಸ್ತಿನಷ್ಟು ಆಳದ ಗುಂಡಿ ಬಾಯಿ ತೆರೆಯುತ್ತಿತ್ತು. ಹಲಗೆಯ ಮೇಲೆ ನಡೆದವರು ಆಮೇಲೆ ಪ್ರಶ್ನಾವಳಿ ತುಂಬಬೇಕು: 'ನಿಜವಾಗಿಯೂ ಅಲ್ಲೇ ಇದ್ದೀರಿ ಅನ್ನಿಸಿತೇ? ಒಂದರಿಂದ ಏಳರೊಳಗೆ ಅಂಕ ಕೊಡಿ.' ಹಲಗೆಯ ಮೇಲೆ ಅಯ್ಯೋ ಅಮ್ಮಾ ಎಂದು ಕಿರುಚಿ ಕೂತುಬಿಟ್ಟವರೂ ಕನ್ನಡಕ ತೆಗೆದ ಕೂಡಲೇ ಮೀಸೆ ತಿರುವಿ ಒಂದಕ್ಕೆ, ಅಂದರೆ 'ಇಲ್ಲವೇ ಇಲ್ಲ' ಎಂಬುದಕ್ಕೆ, ಗುರುತು ಹಾಕುತ್ತಿದ್ದರು. ಮಾನ ಯಾರಿಗೆ ಬೇಡ ಹೇಳಿ!

"ಇದೇನಮ್ಮ, ಸರಾಸರಿ ಒಂದೂವರೆ?" ಪ್ರೊಫೆಸರ್ ಬಾಗಿಲಲ್ಲೇ ಹಾಳೆಗಳನ್ನು ಝಾಡಿಸಿದರು. "ಯಾರಿಗೂ ಏನೂ ಅನ್ನಿಸಿಲ್ಲ. ಸಾಕು, ಮುಚ್ಚಿಬಿಡೋಣ." ಆಮೇಲೆ ಕಣ್ಣು ನೆಲದ ಮೇಲೆ ಬಿತ್ತು. "ಕರ್ಮ, ಕಸಾನೂ ಗುಡಿಸಲ್ವಾ ಇಲ್ಲಿ?"

ಸಂಶೋಧಕಿಯೂ ಆಗಲೇ ಅದನ್ನು ನೋಡಿದ್ದು. ಗೋಡೆಯಂಚಿನ ನೆಲ ಫಳಫಳ ಹೊಳೆಯುತ್ತಿತ್ತು. ಹಲಗೆಯ ಎರಡೂ ಬದಿಗೆ ಮಾತ್ರ ಚೌಕಾಕಾರವಾಗಿ ಬೆರಳು ದಪ್ಪದ ಧೂಳು. ಒಂದು ಹೆಜ್ಜೆ ಗುರುತೂ ಇಲ್ಲ.

ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಎಲ್ಲರಿಗಿಂತ ಮೊದಲು ಕನ್ನಡಕ ಹಾಕಿದವಳು ಅವಳೇ. ಅವಳು ಕೊಟ್ಟ ಅಂಕವೂ ಒಂದೇ.

"ಗುಂಡಿ ಒಳಗೆ ಹ್ಯಾಗೆ ಗುಡಿಸ್ಲಿ ಸಾರ್?" ಎಂದಳು ಅಕ್ಕ.

"ಯಾವ ಗುಂಡಿ? ಬರೀ ನೆಲ ಅದು!"

"ಗೊತ್ತು ಸಾರ್, ನೆಲಾನೇ. ಆದ್ರೂ ಬಿದ್ರೆ ನನ್ನ ಮಕ್ಕಳನ್ನ ನೀವು ಸಾಕ್ತೀರಾ?"

ಪ್ರೊಫೆಸರ್ ಸಂಶೋಧಕಿಯತ್ತ ತಿರುಗಿದರು. "ನೀನೇ ಮಾಡಿದ್ದಲ್ವಾ? ನೀನೇ ಗುಡಿಸು."

ಅವಳು ಪೊರಕೆ ಇಸಿದುಕೊಂಡು ಕಾಲೆತ್ತಿದಳು. ಆ ಗುಂಡಿಯ ಒಂದೊಂದು ಕಲ್ಲನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದವಳು ತಾನೇ; ಅದು ಸುಳ್ಳೆಂದು ತನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೂ ಧೂಳಿನ ಮೇಲೆ ಕಾಲೂರಲಾಗಲಿಲ್ಲ. ಎತ್ತಿದ ಕಾಲನ್ನು ಇದ್ದಲ್ಲೇ ಇಳಿಸಿದಳು. ನಾಚಿಕೆಯಾಯಿತು.

"ಥೂ ಪುಕ್ಕಲರಾ, ಕೊಡಿಲ್ಲಿ!" ಪ್ರೊಫೆಸರ್ ಪೊರಕೆ ಕಿತ್ತುಕೊಂಡು ದಾಪುಗಾಲು ಹಾಕಿದರು. ಧೂಳಿನ ಅಂಚಿಗೆ ಬಂದವರು ಗಕ್ಕನೆ ನಿಂತರು. ಲ್ಯಾಬಿನ ಉದ್ಘಾಟನೆಯ ದಿನ ಅವರೂ ಕನ್ನಡಕ ಹಾಕಿ ಆ ಹಲಗೆ ದಾಟಿದ್ದರಲ್ಲ. ಕೆಮ್ಮಿದರು. ಪ್ಯಾಂಟು ಮೇಲೆಳೆದುಕೊಂಡರು. ಕೊನೆಗೆ ಎಡಗೈಯನ್ನು ಹಿಂದಕ್ಕೆ ಚಾಚಿದರು.

"ಸ್ವಲ್ಪ ಕೈ ಹಿಡ್ಕೊಳಮ್ಮಾ. ಸೊಂಟ ನೋವು, ಅಷ್ಟೇ."

ಅಕ್ಕ ಹಿಡಿದುಕೊಂಡಳು. ಅವರು ಅಂಚಿನಲ್ಲೇ ನಿಂತು, ಮುಂದಕ್ಕೆ ಬಾಗಿ ಬಾಗಿ ಗುಡಿಸತೊಡಗಿದರು. ಧೂಳಿಗೆ ಬೂಟು ಒಂದಿಷ್ಟು ಜಾರಿತು.

"ಅಯ್ಯಯ್ಯೋ, ಬಿದ್ದೆ! ಬಿಡ್ಬೇಡ್ರೇ, ಎಳ್ಕೊಳ್ರೇ!"

ಸಂಶೋಧಕಿ ಓಡಿಬಂದು ಒಂದು ಕೈಯಲ್ಲಿ ಅವರ ಬೆಲ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ಅರ್ಜಿಯನ್ನೂ ಪೆನ್ನನ್ನೂ ಅವರ ಮೂಗಿನ ಕೆಳಗೆ ಹಿಡಿದಳು.

"ಪೊರಕೆ ಬಿಟ್ಟು ಪೆನ್ನು ಹಿಡೀರಿ ಸರ್. ಸಹಿ ಆಗ್ಲಿ, ಆಮೇಲೆ ಮೇಲಕ್ಕೆ ಎಳ್ಕೋತೀವಿ."