ಮನೆಯವರೆಗೆ ಬರಬೇಕು

ಚಿತ್ತರಂಜನರ ಹೆಸರು ಕೇಳಿದರೇ ನಜ್ಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಸರ್ಕಾರದ ಖಜಾನೆ ಬರಿದಾಗಿದೆ, ಯಾವ ಕಾಲೇಜಿನ ಯಾವ ವಿಭಾಗ ಮುಚ್ಚಬಹುದು ನೋಡಿ ಹೇಳಿ ಎಂದು ಮಾಡಿದ ಸಮಿತಿಗೆ ಈ ನಿವೃತ್ತ ಹಣಕಾಸು ಅಧಿಕಾರಿಯೇ ಅಧ್ಯಕ್ಷ. ಪಡೀಲಿನಿಂದಾಚೆಯ ಆ ಸಣ್ಣ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ವಿಭಾಗವೆಂದರೆ ನಜ್ಲಾ ಒಬ್ಬಳೇ. ಅದೂ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ! ವಿಭಾಗ ಮುಚ್ಚಿದರೆ ಅವಳು ಸೀದಾ ಮನೆಗೆ.

"ಅವರಿಗೆ ಹಾಗಾಗಿದ್ದರೆ, ಹೀಗಾಗಿದ್ದರೆ ಅಂತ ಚರಿತ್ರೆ ಹೇಳುವ ಹುಚ್ಚು ಉಂಟು. ನಿಮ್ಮ ಆ ಆಟ ಆಡಿಸಿ ಮೇಡಂ. ಖುಷಿಯಾದರೆ ಬದುಕಿದೆವು," ಎಂದಿದ್ದರು ಪ್ರಿನ್ಸಿಪಾಲರು.

ಆಟವೆಂದರೆ ಇಂಟರ್ನಲ್ ಮಾರ್ಕಿಗಾಗಿ ನಜ್ಲಾ ಪ್ರತಿ ವರ್ಷ ಕೊಡುವ ಕೆಲಸ. ಹಿಂದೆ ನಡೆದದ್ದರಲ್ಲಿ ಒಂದೇ ಒಂದನ್ನು ಬದಲಿಸಬೇಕು. ಈ ಸಲ ಬದಲಿಸಿ ಬಜೆಟ್ಟಿನ ತೂತು ಮುಚ್ಚಬೇಕಿತ್ತು. ಆದರೆ ಆ ಬದಲಾವಣೆ ಹೇಳುವವರ ಸ್ವಂತ ಮನೆಗೆ ಬಂದು ಏನು ಮಾಡಿತು ಎಂಬಲ್ಲಿಗೇ ಮಾತು ಮುಗಿಯಬೇಕು. ಮನೆಯವರೆಗೆ ಬಾರದವರಿಗೆ ಸೊನ್ನೆ.

ಕಾಲೇಜು ನೋಡಲು ಬಂದ ದಿನ ಚಿತ್ತರಂಜನರು ಹೆಂಡತಿ ಉಮಾವತಿಯವರನ್ನೂ ಕರೆತಂದಿದ್ದರು. "ಇವಳು ಇದೇ ಕಾಲೇಜಿನ ಮೊದಲ ಬ್ಯಾಚು," ಎಂದು ಮೈಕಿನಲ್ಲಿ ಹೆಮ್ಮೆಪಟ್ಟರು. ಆಕೆ ಮುಂದಿನ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಆಟ ಶುರುವಾಯಿತು. ಮಕ್ಕಳಲ್ಲಿ ಮೊದಲು ರಾಹಿಲಾ ಎದ್ದಳು. "ಗಲ್ಫಿನಿಂದ ಬಂದ ಹಣದಲ್ಲಿ ಮೊದಲಿನಿಂದಲೇ ಸರ್ಕಾರ ಪಾಲು ಹಿಡಿದಿದ್ದರೆ ಖಜಾನೆ ತುಂಬ್ತಿತ್ತು. ಆದರೆ ಅಜ್ಜನಿಗೆ ಮನೆ ಕಟ್ಲಿಕ್ಕೆ ಆಗ್ತಿರಲಿಲ್ಲ. ಉಮ್ಮ ಇವತ್ತೂ ಬೀಡಿ ಕಟ್ತಾ ಇರ್ತಿದ್ರು. ನಾನೂ ಪಕ್ಕದಲ್ಲಿ ಕೂತು ಎಲೆ ಕತ್ತರಿಸ್ತಿದ್ದೆ."

ಹುಡುಗಿ ಕೂತಳು. ಚಿತ್ತರಂಜನರು ನಕ್ಕರು.

"ಅಷ್ಟು ದೂರ ಎಂತಕ್ಕೆ ಮಾರಾಯ್ತಿ? ನನ್ನ ಲೆಕ್ಕ ಸುಲಭ. ನಲವತ್ತು ವರ್ಷದ ಹಿಂದೆ ಓಟಿಗಾಗಿ ಊರೂರಿಗೆ ಇಂಥ ಕಾಲೇಜು ತೆರೆಯದೆ ಇದ್ದಿದ್ದರೆ? ಕಟ್ಟಡ, ಸಂಬಳ, ಪಿಂಚಣಿ, ಎಲ್ಲ ಉಳಿತಿತ್ತು. ತೂತೇ ಇರ್ತಿರಲಿಲ್ಲ." ಹೇಳಿ, ಚಪ್ಪಾಳೆಗೆ ಕಾದರು. ಪ್ರಿನ್ಸಿಪಾಲರು ತಟ್ಟಿದರು.

ಇಲ್ಲಿಗೆ ಧನ್ಯವಾದ ಹೇಳಿ ಮುಗಿಸಿದ್ದರೆ ನಜ್ಲಾಳ ಕೆಲಸ ಉಳಿಯುತ್ತಿತ್ತೋ ಏನೋ. ಆದರೆ ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ರಾಹಿಲಾಳಿಗೊಂದು ನಿಯಮ, ಈ ದೊಡ್ಡ ಮನುಷ್ಯನಿಗೊಂದೇ?

"ಸರ್, ಮನೆಯವರೆಗೆ ಬರಬೇಕು," ಎಂದಳು.

"ನನ್ನ ಮನೆಗೆ ಎಂತ ಆಗ್ಲಿಕ್ಕುಂಟು? ನಾನು ಓದಿದ್ದು ಇಲ್ಲಿ ಅಲ್ಲ."

"ಮೇಡಂ ಓದಿದ್ದು ಇಲ್ಲಿ."

ಅವರು ಹೆಂಡತಿಯ ಕಡೆ ನೋಡಿ ಕೈಯಾಡಿಸಿದರು. "ಇವಳಾ? ಓದದಿದ್ದರೂ ಇವಳು ಅಡುಗೆ ಮಾಡ್ತಿದ್ದಳು. ಅದಕ್ಕೆ ಡಿಗ್ರಿ ಬೇಡ."

ಯಾರೂ ನಗಲಿಲ್ಲ. ಉಮಾವತಿಯವರು ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಎದ್ದರು.

"ಟೀಚರ್, ಒಂದೇ ಬದಲಾವಣೆ ಅಲ್ವಾ? ಹಾಗಾದ್ರೆ ಇವರದ್ದನ್ನು ನಾನು ಮುಗಿಸ್ತೇನೆ. ಇವರು ಇಲಾಖೆ ಪರೀಕ್ಷೆಯಲ್ಲಿ ಮೂರು ಸಲ ಫೇಲ್. ನಾಲ್ಕನೇ ಸಲ ಈ ಕಾಲೇಜಿನ ನನ್ನ ನೋಟ್ಸ್ ಇಟ್ಟುಕೊಂಡು ಎರಡು ತಿಂಗಳು ಕೂತು ಕಲಿಸಿದ್ದು ನಾನು. ಕಾಲೇಜು ಇರದಿದ್ದರೆ ನಮ್ಮ ಮನೆಯಲ್ಲಿ ಇವತ್ತು ಒಬ್ಬ ನಿವೃತ್ತ ಗುಮಾಸ್ತ ಇರ್ತಿದ್ದರು. ಅಡುಗೆ ನಾನೇ ಮಾಡ್ತಿದ್ದೆ, ಅದು ಸರಿ."

ಚಿತ್ತರಂಜನರ ಮುಖ ಕಪ್ಪಿಟ್ಟಿತು. "ಕೂತ್ಕೋ," ಎಂದು ಗದರಿದರು. ಆಕೆ ಕೂರಲಿಲ್ಲ. ಚೀಲ ತೆಗೆದುಕೊಂಡು, ಹೊರಗೆ ನಿಂತಿದ್ದ ಗಂಡನ ಕಾರನ್ನು ದಾಟಿ ಬಸ್‌ಸ್ಟಾಪಿನ ಕಡೆ ನಡೆದೇಬಿಟ್ಟರು.

ಚಿತ್ತರಂಜನರ ಸಿಟ್ಟೆಲ್ಲ ನಜ್ಲಾಳ ಮೇಲೆ ತಿರುಗಿತು. "ಪಾಠ ಮಾಡ್ಲಿಕ್ಕೆ ಸಂಬಳ ಕೊಡೋದಾ, ಮನೆ ಮುರಿಲಿಕ್ಕಾ?" ಎಂದವರು ಅಲ್ಲೇ ಮೇಜಿನ ಮೇಲೆ ಕಡತ ತೆರೆದು ಬರೆದರು. ನಜ್ಲಾ ಬಗ್ಗಿ ನೋಡಬೇಕಾಗಿರಲಿಲ್ಲ. ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ಇತಿಹಾಸ ವಿಭಾಗ ಅನಗತ್ಯ.

ಅವಳಿಗೆ ಅಳು ಬಂತು. ಅಳಲಿಲ್ಲ. ಅವರ ಎದುರಿಗೇ ಕುಳಿತು ಮಾರ್ಕಿನ ಪಟ್ಟಿ ಬಿಡಿಸಿದಳು. ರಾಹಿಲಾಳಿಗೆ ಹತ್ತಕ್ಕೆ ಒಂಬತ್ತು. ಕೆಳಗೆ ಉಮಾವತಿಯವರ ಹೆಸರು ಸೇರಿಸಿ ಹತ್ತಕ್ಕೆ ಹತ್ತು. ಅದರ ಕೆಳಗೆ, ಕಡತದಲ್ಲಿದ್ದುದಕ್ಕಿಂತಲೂ ದೊಡ್ಡ ಅಕ್ಷರದಲ್ಲಿ: ಚಿತ್ತರಂಜನ, ಮನೆಯವರೆಗೆ ಬರಲಿಲ್ಲ, ಸೊನ್ನೆ.