ಅಳತೆ ಕೇಳದ ಆ್ಯಪ್

ದಿಗ್ಗೇವಾಡಿಯ ಕಾಶಿಬಾಯಿ ಟೀಚರು ನಿವೃತ್ತರಾಗಿ ಮೂರು ವರ್ಷ. ಪಿಂಚಣಿಯಲ್ಲೂ ಠೇವಣಿ ಬಡ್ಡಿಯಲ್ಲೂ ತೆರಿಗೆ ಮುರಿಯುತ್ತಾರೆ. ಹೆಚ್ಚಾಗಿ ಮುರಿದದ್ದನ್ನು ವಾಪಸು ಪಡೆಯಲು ವರ್ಷವೂ ಏಜೆಂಟನ ಬಾಗಿಲು ಕಾಯಬೇಕು. ಈ ಸಲ ರಿಟರ್ನ್ ನಾನೇ ತುಂಬುತ್ತೇನೆ ಎಂದು ಟೀಚರು ಹಟ ಹಿಡಿದರು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು, ಇದೇನು ಮಹಾ ಎಂಬ ಧಿಮಾಕು ಬೇರೆ.

ಜಾಹೀರಾತಿನಲ್ಲಿ ಕಂಡ ಒಂದು ಆ್ಯಪ್ ಇಳಿಸಿಕೊಂಡರು. ಎರಡೇ ನಿಮಿಷಕ್ಕೆ ಅದು ಹತ್ತೊಂಬತ್ತು ಸಾವಿರ ವಾಪಸು ಬರುತ್ತದೆಂದು ತೋರಿಸಿತು. ಟೀಚರಿಗೆ ಹಿಗ್ಗೋ ಹಿಗ್ಗು. ಮುಂದೆ ಜೈನರ ಹತ್ತು ದಿನದ ದಶಲಕ್ಷಣ ಪರ್ವವಿತ್ತು. ಬಸದಿಯಲ್ಲಿ ಅಭಿಷೇಕಕ್ಕೆ ಸವಾಲು ಕೂಗುತ್ತಾರೆ. ಹೆಚ್ಚು ಕೂಗಿದವರಿಗೆ ಆ ಮಾನ. ಮೊದಲ ದಿನದ ಅಭಿಷೇಕ ಈ ಸಲ ತಮ್ಮದೇ ಎಂದು ಓಣಿಗೆಲ್ಲ ಹೇಳಿಯೇ ಬಿಟ್ಟರು.

ಜಂಪರ್ ಹೊಲಿಸಲು ಗಂಗಾಳ ಅಂಗಡಿಗೆ ಹೋದಾಗಲೂ ಅದೇ ಮಾತು. ಗಂಗಾ ಅವರ ಹಳೆಯ ವಿದ್ಯಾರ್ಥಿನಿ. ಎರಡು ವರ್ಷದಿಂದ ತನ್ನ ರಿಟರ್ನ್ ತಾನೇ ತುಂಬುತ್ತಾಳೆ.

"ಆ ಆ್ಯಪ್ ನಿಮ್ಮನ್ನ ಏನೇನ ಕೇಳ್ತರಿ?" ಎಂದಳು.

"ಏನೂ ಕೇಳಂಗಿಲ್ಲ, ಅದ ಅದರ ಚಲೋತನ. ದಾನ ಎಷ್ಟ ಅಂತು. ಹ್ವಾದ ವರ್ಷ ಸವಾಲಿಗೆ ಕೊಟ್ಟ ಮೂವತ್ತೊಂದ ಸಾವಿರ ಹಾಕೀನಿ."

"ಯಾವ ಸಂಸ್ಥೆ, ಪಾವತಿ ಚೀಟಿ ಐತೇನು, ಚೆಕ್ಕೋ ರೊಕ್ಕೋ, ಕೇಳಲಿಲ್ಲೇನ್ರಿ?"

"ಇಲ್ಲವಾ."

ಗಂಗಾ ಮೊಬೈಲ್ ಇಸಿದುಕೊಂಡು ನೋಡಿದಳು. "ಪುಣ್ಯಕ್ಕ ಇನ್ನೂ ಕಳಿಸಿಲ್ಲ. ಇಲ್ಲಿ ನೀವ ಮನಿ ಬಾಡಿಗಿ ಕಟ್ಟತೀರಂತನೂ ಹಾಕೇತಿ ನೋಡ್ರಿ. ನೀವ ಇರೂದು ಸ್ವಂತ ಮನ್ಯಾಗ. ವಾಪಸು ಬಂದಿದ್ರಾಗ ನೂರಕ್ಕ ಹತ್ತು ಅವರಿಗಂತ. ಅದಕ್ಕ ಅಂಕಿ ಉಬ್ಬಿಸ್ಯಾರ."

"ತಪ್ಪು ಮಾಡಿದವರು ಅವರು. ನನಗೇನ?"

"ರಿಟರ್ನ್ ನಿಮ್ಮ ಹೆಸರಲೆ ಹೋಗತೈತ್ರಿ. ನೋಟಿಸೂ ನಿಮಗ, ದಂಡಾನೂ ನಿಮಗ. ಅಳತಿ ತಗೊಳ್ಳದ ನಾ ಜಂಪರ್ ಹೊಲದ್ರ ನೀವ ಹಾಕ್ಕೋತೀರೇನು?"

ಟೀಚರಿಗೆ ನಗು ಬಂತು, ಸಂಕಟವೂ ಆಯಿತು. ಓಣಿಗೆಲ್ಲ ಹೇಳಿಯಾಗಿದೆ, ಇನ್ನು ಹೇಗೆ ತಲೆ ಎತ್ತಿ ತಿರುಗುವುದು? ಆದರೂ ನೋಟಿಸು ಹಿಡಿದು ತಿರುಗುವುದಕ್ಕಿಂತ ಈ ನಾಚಿಕೆಯೇ ವಾಸಿ ಎನಿಸಿತು.

ಇಬ್ಬರೂ ಕೂತು ಆದಾಯ ತೆರಿಗೆ ಇಲಾಖೆಯ ಸ್ವಂತ ಜಾಲತಾಣ ತೆರೆದರು. ಅದಕ್ಕೆ ಶುಲ್ಕವಿಲ್ಲ. ಪಿಂಚಣಿ, ಬಡ್ಡಿ, ಮುರಿದ ತೆರಿಗೆ ಮೊದಲೇ ತುಂಬಿತ್ತು. ಪಾಸ್‌ಬುಕ್ ಇಟ್ಟುಕೊಂಡು ತಾಳೆ ನೋಡಿದರು. ದಾನದ ಕಡೆಗೆ ಬಂದಾಗ ಅದು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿತು. ಸವಾಲಿನ ಹಣ ನಗದಾಗಿ ಕೊಟ್ಟದ್ದು; ಎರಡು ಸಾವಿರ ದಾಟಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ತೆರಿಗೆಯ ಹಳೆಯ ಪದ್ಧತಿ, ಹೊಸ ಪದ್ಧತಿ ಎರಡರ ಲೆಕ್ಕವನ್ನೂ ಹೋಲಿಸಿದ ಮೇಲೆ ಸಿಕ್ಕ ಅಂಕಿ ಐದು ಸಾವಿರದ ಇನ್ನೂರು. ಟೀಚರು ತಮ್ಮದೇ ಮೊಬೈಲಿಗೆ ಬಂದ ಒಟಿಪಿ ಒತ್ತಿ ಪರಿಶೀಲನೆ ಮುಗಿಸಿದರು. ಹಣ ಕೆಲವು ವಾರದಲ್ಲಿ ಖಾತೆಗೆ ಬಂತು.

ಪರ್ವದ ಮೊದಲ ದಿನದ ಸವಾಲಿನಲ್ಲಿ ಟೀಚರು ಬಾಯಿ ಬಿಡಲಿಲ್ಲ. ಪರ್ವದಲ್ಲಿ ದಿನಕ್ಕೊಂದು ಧರ್ಮ; ಅದರಲ್ಲಿ ಉತ್ತಮ ಸತ್ಯದ ದಿನಕ್ಕೆ ಐದು ಸಾವಿರ ಕೂಗಿದರು. ಮೇಲೆ ಯಾರೂ ಕೂಗಲಿಲ್ಲ.

"ಮೊದಲ ದಿನ ನಂದ ಅಂದಿದ್ರಲ್ಲ?" ಪಕ್ಕದ ಮನೆಯ ತ್ರಿಶಲಾ ಕೆಣಕಿದಳು.

"ಆ ರೊಕ್ಕ ಸುಳ್ಳಿತ್ತ ಬೇ. ಇದು ಖರೇದು," ಎಂದ ಟೀಚರು ಚೆಕ್ಕು ಬರೆದುಕೊಟ್ಟು, ಪಾವತಿ ಚೀಟಿ ಕೇಳಿ ಪಡೆದರು. ಕಲಶ ಎತ್ತುವಾಗ ಅವರ ಮನಸ್ಸು ಹಗುರವಾಗಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ರಿಟರ್ನ್ ನೀವೇ ತುಂಬಿ, ಅದಕ್ಕೆ ಹೆದರಬೇಡಿ. ಮೊದಲು ಇಲಾಖೆಯ ಜಾಲತಾಣ ನೋಡಿ. ಬೇರೆ ಸಾಫ್ಟ್‌ವೇರ್ ಬೇಕೆಂದರೆ ಶುಲ್ಕ ಮೊದಲೇ ಹೇಳುವುದನ್ನು, ನಿಮ್ಮದೇ ಮೊಬೈಲ್ ಸಂಖ್ಯೆ ಹಾಕುವುದನ್ನು, ಕಳಿಸುವ ಮುಂಚೆ ಪ್ರತಿ ಅಂಕಿಯನ್ನೂ ತೋರಿಸುವುದನ್ನು ಆರಿಸಿ. ಏನೂ ಕೇಳದೆ ಬಹಳ ಕೊಡುತ್ತೇನೆ ಎನ್ನುವುದನ್ನು ಇವತ್ತೇ ಮೊಬೈಲಿನಿಂದ ತೆಗೆದುಹಾಕಿ.