ಆರೂವರೆ ಇಂಚು

ಕಿಟಕಿಯ ಬೆಳಕು ಎಡಭುಜದ ಮೇಲಿಂದ ಬೀಳುವಂತೆ ಕೂತು, ಕೆಂಪು ಮಖಮಲ್ಲಿನ ನಿಲುವಂಗಿಯನ್ನು ಮಡಿಲ ತುಂಬ ಹರವಿಕೊಂಡು, ಟೇಪಮ್ಮ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದಳು. ಮೂರು ಹೊಲಿಗೆಗೊಮ್ಮೆ ಬಿಳಿ ದಾರ ಕತ್ತರಿಸುವುದು, ಎಳೆಯುವುದು, ಎಳೆದದ್ದನ್ನು ಬೆರಳಿಗೆ ಸುತ್ತಿಕೊಳ್ಳುವುದು. ಎದುರಿನ ಮಣೆಯ ಮೇಲೆ ಕೂತ ದೊಡ್ಡಮ್ಮ ಇನ್ನೊಂದು ನಿಲುವಂಗಿಗೆ ಅದನ್ನೇ ಮಾಡುತ್ತಿದ್ದಳು. ಇಬ್ಬರ ಬಾಯಿಂದಲೂ ಒಂದು ಮಾತಿಲ್ಲ. ಮಖಮಲ್ಲಿನ ಮೇಲೆ ಕತ್ತರಿ ಆಡಿಸುವಾಗ ಮಾತಾಡಬಾರದು ಎಂಬುದು ಆ ಅಂಗಡಿಯ ನಿಯಮ. ಮಾತು ಜಾರಿದರೆ ಕತ್ತರಿಯೂ ಜಾರುತ್ತದೆ ಎನ್ನುವಳು ದೊಡ್ಡಮ್ಮ.

ಟೇಪಮ್ಮನಿಗೆ ಆ ನಿಯಮ ಹೇಳಿ ಮಾಡಿಸಿದಂತಿತ್ತು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಬಂದವಳು, ಈಗ ಇಪ್ಪತ್ತೆರಡರ ಪ್ರಾಯ. ಕೊರಳಲ್ಲಿ ಸದಾ ಅಳತೆಯ ಟೇಪು. ಬಾಯಿ ಬಿಡುವುದು ಅಳತೆ ಹೇಳುವಾಗ ಮಾತ್ರ. ಅದಕ್ಕೇ ದೊಡ್ಡಪ್ಪ ಆ ಹೆಸರಿಟ್ಟಿದ್ದ. ಅಂಗಡಿಗೆ ಬಂದವರು ಅವಳ ದನಿ ಕೇಳದಿದ್ದರೂ ಅವಳ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಯಾರ ಎಡಭುಜ ಬಲಭುಜಕ್ಕಿಂತ ಕಾಲಿಂಚು ಇಳಿದಿದೆ, ಯಾರು ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತಾರೆ, ಎಲ್ಲ ಅವಳಿಗೆ ಗೊತ್ತು.

ಅವಳ ಮಡಿಲಲ್ಲಿದ್ದದ್ದು ನಾಟಕದ ರಾಜನ ನಿಲುವಂಗಿ. ಪಕ್ಕದ ಪಟ್ಟಣದ ನಾಟಕದವರು ನಾಲ್ಕು ನಿಲುವಂಗಿ ಹೇಳಿದ್ದರು. ಮೂರನ್ನು ಕತ್ತರಿಸಿದ್ದು ದೊಡ್ಡಮ್ಮ. ರಾಜನದ್ದನ್ನು ಮಾತ್ರ, ಅದೇನು ತೋಚಿತೋ, ಕತ್ತರಿಯನ್ನು ಟೇಪಮ್ಮನ ಕೈಗಿಟ್ಟು ತಾನು ನೀರು ಕುಡಿಯಲು ಎದ್ದು ಹೋಗಿದ್ದಳು. ನಾಟಕದ ಉಡುಪು ನೋಡಿಕೊಳ್ಳುವ ಹೆಂಗಸು ಅಂಗಡಿಗೆ ಬಂದಾಗ ಅದನ್ನು ಕೈಯಲ್ಲಿ ಹಿಡಿದು, ಇದನ್ನು ಕತ್ತರಿಸಿದ್ದು ನೀನೇನಾ ಎಂದು ಕೇಳಿದ್ದಳು. ತಲುಪಿಸುವ ದಿನ ನೀನೂ ಬಾ, ದೀಪದ ಕೆಳಗೆ ನಟನ ಮೈಮೇಲೆ ತೋರಿಸುತ್ತೇನೆ, ಮಖಮಲ್ಲು ಅಲ್ಲಿ ಬೇರೆಯೇ ಆಗುತ್ತದೆ ಎಂದಿದ್ದಳು. ಟೇಪಮ್ಮ ತಲೆಯಾಡಿಸಿದ್ದಳು, ಅಷ್ಟೇ. ಆದರೆ ಅಂದಿನಿಂದ ಅವಳಿಗೆ ಬೇರೆ ಯೋಚನೆಯಿಲ್ಲ. ಹತ್ತು ವರ್ಷದಲ್ಲಿ ತಾನು ಹೊಲಿದ ಒಂದು ಬಟ್ಟೆಯೂ ವೇದಿಕೆಯ ಮೇಲೆ ನಡೆದಾಡಿದ್ದನ್ನು ಅವಳು ಕಂಡಿರಲಿಲ್ಲ. ಬಟ್ಟೆಗಳು ಹೋಗುತ್ತಿದ್ದವು, ಅವಳು ಉಳಿಯುತ್ತಿದ್ದಳು.

ಉಡುಪಿನ ಹೆಂಗಸು ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದಳು. ಹಿಂದಿನ ಸಲ ಬಟ್ಟೆ ಮಡಿಸಿ ಬಸ್ಸಿನಲ್ಲಿ ಕಳಿಸಿದಿರಿ. ಮಖಮಲ್ಲಿಗೆ ಗೆರೆ ಬಿದ್ದು, ಮಂತ್ರಿಯ ಪಾತ್ರದವನು ಅಂಚೆಯಲ್ಲಿ ಬಂದವನ ಹಾಗೆ ಕಂಡ. ಈ ಸಲವೂ ಮಡಿಸಿ ತಂದರೆ ಮುಂದಿನ ಕೆಲಸ ಬೇರೆಯವರಿಗೆ.

ಕಾರಿನ ಮಾತು ಹುಟ್ಟಿದ್ದು ಹಾಗೆ. ದೊಡ್ಡಪ್ಪ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಊರಿನವರನ್ನೆಲ್ಲ ಹೊತ್ತು ತಿರುಗಿದ್ದೇನೆ, ನನ್ನದು ಅನ್ನೋ ನಾಲ್ಕು ಚಕ್ರ ಇಲ್ಲ ಎಂದು ಕೊರಗುತ್ತಿದ್ದ. ದೊಡ್ಡಮ್ಮ ಅರವತ್ತಾರು ಇಂಚು ಉದ್ದದ ಮರದ ಪೆಟ್ಟಿಗೆ ಮಾಡಿಸಿದಳು, ನಿಲುವಂಗಿ ಮಡಿಕೆಯಿಲ್ಲದೆ ಮಲಗುವಷ್ಟು. ಆಮೇಲೆ ಮೂವರೂ ಶೋರೂಮಿಗೆ ಹೋದರು.

ಅವರು ಕೇಳಿದ ಕಾರು ಅಲ್ಲಿರಲಿಲ್ಲ, ಬ್ರೋಷರ್ ಇತ್ತು. ಚಿತ್ರದಲ್ಲಿ ಹಿಂದಿನ ಸೀಟು ಮಡಿಸಿ ನೆಲಕ್ಕೆ ಸಮವಾಗಿತ್ತು. ಕೆಳಗೆ ಡಿಕ್ಕಿಯ ಬಾಗಿಲಿಂದ ಮುಂದಿನ ಸೀಟಿನವರೆಗೆ ಅರವತ್ತೆಂಟು ಇಂಚು ಎಂದು ಬರೆದಿತ್ತು. ಮಾರಾಟದ ಯುವಕ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, ಚೀಲದಿಂದ ಅಂಗಡಿಯ ಅಳತೆ ಪುಸ್ತಕ ತೆಗೆದು ಟೇಪಮ್ಮನ ಮುಂದಿಟ್ಟಳು. ಅವಳ ಅಂಗಡಿಯಲ್ಲಿ ಯಾವ ಕೆಲಸವೂ ಅದಿಲ್ಲದೆ ಶುರುವಾಗುತ್ತಿರಲಿಲ್ಲ. ಮಾತಾದ ಅಳತೆ ಬರೆಯಬೇಕು, ಜೋರಾಗಿ ಓದಬೇಕು, ಬಟ್ಟೆಯ ಚೂರೊಂದನ್ನು ಹಾಳೆಗೆ ಗುಂಡುಸೂಜಿಯಲ್ಲಿ ಚುಚ್ಚಬೇಕು, ಎದುರಿನವರು ಸಹಿ ಹಾಕಬೇಕು. ಕಾರಿಗೆ ಬಟ್ಟೆಯ ಚೂರು ಇಲ್ಲದ್ದಕ್ಕೆ ಬ್ರೋಷರಿನ ಆ ಪುಟವನ್ನೇ ಚುಚ್ಚಿದರು. ಯುವಕ ನಗು ತಡೆಯಲಾರದೆ, “ಕಾರಿಗೆ ತೋಳು ಎಷ್ಟು ಉದ್ದ ಇಡಲಿ ಅಮ್ಮಾ?” ಎನ್ನುತ್ತ ಸಹಿ ಹಾಕಿದ. ದೊಡ್ಡಮ್ಮ ನಗಲಿಲ್ಲ. ತಾರೀಕು ಹಾಕಪ್ಪ ಎಂದಳು. ಅವನು ತಾರೀಕನ್ನೂ ಹಾಕಿದ.

ಕಾರು ಬಂದದ್ದು ನಿನ್ನೆ ಸಂಜೆ. ತಂದುಕೊಟ್ಟವನು ಚಾಚಿದ ಕಾಗದಕ್ಕೆ ದೊಡ್ಡಪ್ಪ, ಓದುವುದಿರಲಿ, ಕಾರಿನಿಂದ ಕಣ್ಣನ್ನೂ ಕೀಳದೆ ಸಹಿ ಮಾಡಿದ್ದ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುವ ಹಾಗೆ, ಬೆಳಗಿನಿಂದ ಎರಡು ಸಲ ತೊಳೆದೂ ಆಗಿತ್ತು.

ಕೊನೆಯ ದಾರ ಎಳೆದು ದೊಡ್ಡಮ್ಮ ಎದ್ದಳು. ಖಾಲಿ ಪೆಟ್ಟಿಗೆಯನ್ನು ಒಮ್ಮೆ ಇಟ್ಟು ನೋಡೋಣ ಎಂದಳು.

ಮೂವರೂ ಹಿಡಿದು ಪೆಟ್ಟಿಗೆಯನ್ನು ಡಿಕ್ಕಿಯೊಳಗೆ ತಳ್ಳಿದರು. ಮೊದಲು ಸಲೀಸಾಗಿ ಹೋಯಿತು. ಆಮೇಲೆ ನಿಂತಿತು. ಸೀಟಿನ ಬೆನ್ನು ಮಡಿಸಿದರೂ ನೆಲಕ್ಕೆ ಸಮವಾಗದೆ ದಿಣ್ಣೆಯ ಹಾಗೆ ಎದ್ದು ನಿಂತಿತ್ತು. ಪೆಟ್ಟಿಗೆ ಅದಕ್ಕೆ ಒರಗಿ ಅಲ್ಲಾಡಲಿಲ್ಲ. ಆನೆ ತೂರಿ ಬಾಲ ಸಿಕ್ಕಿಕೊಂಡಂತೆ, ಪೆಟ್ಟಿಗೆಯ ಬಾಲ ಡಿಕ್ಕಿಯ ಹೊರಗೆ ಉಳಿಯಿತು. ದೊಡ್ಡಪ್ಪ ಬಾಗಿಲನ್ನು ಮೆಲ್ಲಗೆ ಇಳಿಸಿ ನೋಡಿದ, ಅದು ಪೆಟ್ಟಿಗೆಯ ಮೇಲೆ ಕೂತಿತು. ಟೇಪಮ್ಮ ಕೊರಳಿನ ಟೇಪು ತೆಗೆದು ಡಿಕ್ಕಿಯ ಬಾಗಿಲಿಂದ ಆ ದಿಣ್ಣೆಯವರೆಗೆ ಅಳೆದಳು.

“ಅರವತ್ತೊಂದು,” ಎಂದಳು.

ಆಮೇಲೆ ದೊಡ್ಡಪ್ಪ ಕಾರಿನ ಪರ ವಕೀಲನಾದ. ಬಾಗಿಲನ್ನು ಹಗ್ಗದಲ್ಲಿ ಕಟ್ಟೋಣ ಎಂದ. ಮಳೆ ಬಂದರೆ ಎಂದಳು ದೊಡ್ಡಮ್ಮ. ಪೆಟ್ಟಿಗೆಯನ್ನೇ ಒಂಚೂರು ಕತ್ತರಿಸಿದರಾಯಿತು ಎಂದ. ಹಾಗಾದರೆ ರಾಜನ ಕಾಲನ್ನೂ ಕತ್ತರಿಸಿ ಬನ್ನಿ ಎಂದಳು.

“ಅಲ್ವೇ, ನಾಕು ಬೆರಳು ಹೆಚ್ಚುಕಮ್ಮಿಗೆ ಯಾರಾದ್ರೂ ಮದುವೆ ಮುರೀತಾರೇನೇ?” ದೊಡ್ಡಪ್ಪ ಕೇಳಿದ.

“ನಾಕು ಬೆರಳು ಹೆಚ್ಚುಕಮ್ಮಿ ಆದ ಬಟ್ಟೆನ ನಾನು ಯಾರಿಗಾದ್ರೂ ಕೊಟ್ಟಿದ್ದೀನೇನ್ರಿ? ಬಿಚ್ಚಿ ಹೊಲಿದು ಕೊಡಲ್ವಾ?”

ದೊಡ್ಡಪ್ಪ ಕಾರಿನ ಬಾಗಿಲನ್ನು ಅಂಗೈಯಿಂದ ಸವರಿದ, ಮಗುವಿಗೆ ಸಮಾಧಾನ ಹೇಳುವವನ ಹಾಗೆ.

ಶೋರೂಮಿಗೆ ಫೋನು ಮಾಡಿದರೆ ವ್ಯವಸ್ಥಾಪಕ ಸಿಕ್ಕ. ಕಂಪನಿಯವರು ವರ್ಷದ ನಡುವೆ ಸೀಟು ಬದಲಿಸಿದ್ದಾರೆ, ವಿವರಗಳು ಬದಲಾಗಬಹುದು ಎಂದು ಬ್ರೋಷರಿನಲ್ಲೇ ಬರೆದಿದೆ, ಸಾಲದ್ದಕ್ಕೆ ನಿಮ್ಮ ಯಜಮಾನರು ಎಲ್ಲ ಸರಿಯಿದೆ ಎಂದು ಸಹಿ ಹಾಕಿದ್ದಾರೆ ಎಂದ. ಟೇಪಮ್ಮ ಬ್ರೋಷರ್ ನೋಡಿದಳು. ಪುಟದ ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಆ ಮಾತು ನಿಜವಾಗಿಯೂ ಇತ್ತು. ನಾಟಕಕ್ಕೆ ಇನ್ನು ಒಂದೂವರೆ ತಿಂಗಳು.

ಮಾರನೆಯ ದಿನ ದೊಡ್ಡಮ್ಮ ಅಂಗಡಿಗೆ ಬೀಗ ಹಾಕಿ, ಟೇಪಮ್ಮನನ್ನು ಕರೆದುಕೊಂಡು ಗ್ರಾಹಕರ ದೂರು ಕಚೇರಿಗೆ ಹೋದಳು. ಎರಡನೆಯ ಮಹಡಿ, ಉದ್ದನೆಯ ಬೆಂಚು, ನಿಧಾನ ತಿರುಗುವ ಫ್ಯಾನು. ಮೇಜಿನ ಹಿಂದಿನ ಅಧಿಕಾರಿಣಿಯ ಅಂಗಿಗೆ ಒಂದು ಗುಂಡಿ ಕಮ್ಮಿಯಿದ್ದದ್ದನ್ನು ಟೇಪಮ್ಮ ಮೊದಲು ಕಂಡಳು. ಆ ಜಾಗದಲ್ಲಿ ಕಾಗದಕ್ಕೆ ಹಾಕುವ ಕ್ಲಿಪ್ಪು ಇತ್ತು. ಅಧಿಕಾರಿಣಿ ಎಲ್ಲ ಕೇಳಿ, ಬ್ರೋಷರಿನ ಇರುವೆ ಸಾಲನ್ನು ಭೂತಗನ್ನಡಿ ಹಿಡಿದು ಓದಿ, ನಿಧಾನವಾಗಿ ಹೇಳಿದಳು. ಈ ಸಾಲು ಅವರು ಮುಂದೆ ಮಾರುವ ಕಾರಿಗಾದರೆ ಸರಿ. ನಿಮಗೆ ಯಾವುದನ್ನು ತೋರಿಸಿ, ಏನು ಹೇಳಿ ಒಪ್ಪಿಸಿದರೋ ಅದನ್ನೇ ಕೊಡಬೇಕು. ಕಾರು ಬಂತು ಅಂತ ಸಹಿ ಹಾಕಿದರೆ ಬಂತು ಅಂತ ಅರ್ಥ, ಹಕ್ಕು ಬಿಟ್ಟುಕೊಟ್ಟೆ ಅಂತಲ್ಲ. ಸರಿಮಾಡಿ ಕೊಡಲಿ, ಇಲ್ಲ ಹೇಳಿದಂಥದ್ದನ್ನೇ ಕೊಡಲಿ, ಅದೂ ಆಗದಿದ್ದರೆ ಕಾರು ವಾಪಸು ತಗೊಳ್ಳಲಿ. ಮೊದಲು ಅವರಿಗೇ ಬರವಣಿಗೆಯಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಹದಿನೈದು ದಿನದಲ್ಲಿ ಜಗ್ಗದಿದ್ದರೆ ಇಲ್ಲಿಗೆ ಬನ್ನಿ.

“ಆದ್ರೆ ಹೇಳಿದ್ದಕ್ಕೆ ಸಾಕ್ಷಿ ಬೇಕಲ್ಲಮ್ಮ,” ಎಂದಳು ಕೊನೆಗೆ.

ದೊಡ್ಡಮ್ಮ ಅಳತೆ ಪುಸ್ತಕ ತೆರೆದಿಟ್ಟಳು. ಹಿಂದಿನ ಪುಟದಲ್ಲಿ ಯಾರದೋ ಕೋಟಿನ ಅಳತೆ, ಮುಂದಿನದರಲ್ಲಿ ಕಾರು. ಅಧಿಕಾರಿಣಿ ಗುಂಡುಸೂಜಿ ನೋಡಿದಳು, ಸಹಿ ನೋಡಿದಳು, ತಾರೀಕು ನೋಡಿದಳು. ಆಮೇಲೆ ಕುರ್ಚಿಗೆ ಒರಗಿ, ಕ್ಲಿಪ್ಪು ಹಾರುವಷ್ಟು ನಕ್ಕಳು. ಹದಿನೆಂಟು ವರ್ಷದಲ್ಲಿ ಕಾರಿಗೆ ಅಳತೆ ತಗೊಂಡು ಸಹಿ ಹಾಕಿಸಿದವರನ್ನು ಇದೇ ಮೊದಲು ನೋಡಿದ್ದಂತೆ. ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಟೇಪಮ್ಮ ಚೀಲದಿಂದ ಸೂಜಿದಾರವನ್ನೂ ಒಂದು ಗುಂಡಿಯನ್ನೂ ತೆಗೆದು ಅವಳ ಅಂಗಿಗೆ ಹೊಲಿದುಬಿಟ್ಟಳು.

ಶೋರೂಮಿಗೆ ದೂರು ಬರೆದದ್ದು ಟೇಪಮ್ಮ. ಅವಳಿಗೆ ಪತ್ರ ಬರೆದು ಗೊತ್ತಿಲ್ಲ, ಅಳತೆ ಬರೆದು ಗೊತ್ತು. ಹೇಳಿದ್ದು ಅರವತ್ತೆಂಟು, ಬಂದದ್ದು ಅರವತ್ತೊಂದು. ಸೀಟು ಸಮ ಎಂದಿದ್ದು, ಸಮ ಇಲ್ಲ. ಹೇಳಿದಂಥ ಕಾರು ಕೊಡಿ. ಅಷ್ಟೇ.

ಹತ್ತನೆಯ ದಿನ ವ್ಯವಸ್ಥಾಪಕ ಶೋರೂಮಿಗೆ ಕರೆದ. ಹೊಳೆಯುವ ಬೂಟಿನ ದಪ್ಪ ಮನುಷ್ಯ. ಹಿಂದೆ ಮಾರಾಟದ ಯುವಕ, ಮುಖ ಬಾಡಿಸಿಕೊಂಡು. ನೀವು ಮೆದು ಟೇಪಿನಲ್ಲಿ ಅಳೆದಿದ್ದೀರಿ, ಅದು ಸೊಂಟಕ್ಕೆ ಸರಿ, ಕಾರಿಗೆ ಉಕ್ಕಿನ ಟೇಪು ಬೇಕು ಎನ್ನುತ್ತ ಅವನು ತನ್ನ ಟೇಪನ್ನು ಡಿಕ್ಕಿಯೊಳಗೆ ಚಾಚಿದ. ನೋಡಿದ ಕೂಡಲೆ ಅವನ ಮುಖ ಅರಳಿತು. ಅರವತ್ತೊಂದೂವರೆ. ನಿಮ್ಮ ಅಳತೆಯೇ ತಪ್ಪು, ತಪ್ಪು ಅಳತೆಯ ದೂರು ನಿಲ್ಲುತ್ತದೆಯೇ ಎಂದು ಕೇಳಿದ. ದೊಡ್ಡಪ್ಪ ಮೊದಲೇ ಬೂದಿ ಮುಚ್ಚಿದ ಕೆಂಡ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಪಕ್ಕದಿಂದ ಒಂದು ಸಣ್ಣ ದನಿ ಬಂತು. ಯಾರದೆಂದು ಅವನೂ ತಿರುಗಿ ನೋಡಬೇಕಾಯಿತು.

“ನಮ್ಮ ಟೇಪು ಹಳೇದು, ಸರ್. ಎಳೆದೂ ಎಳೆದೂ ಅರ್ಧ ಇಂಚು ಜಗ್ಗಿದೆ. ಅದಕ್ಕೇ ಅರ್ಧ ಕಮ್ಮಿ ತೋರಿಸ್ತು. ನಿಮ್ಮದೇ ಸರಿ, ಅರವತ್ತೊಂದೂವರೆ.” ಟೇಪಮ್ಮ ಉಸಿರು ತೆಗೆದುಕೊಂಡಳು. ಕಿವಿ ಕೆಂಪಗಾಗಿದ್ದವು. ಅಳತೆ ಪುಸ್ತಕ ತೆರೆದು ಎರಡು ಕೈಯಲ್ಲಿ ಹಿಡಿದಳು. “ಇಲ್ಲಿ ಅರವತ್ತೆಂಟು ಅಂತಿದೆ, ನಿಮ್ಮವರ ಸಹಿ. ಮಿಕ್ಕ ಆರೂವರೆ ಇಂಚು ಎಲ್ಲಿ ಸರ್?”

ವ್ಯವಸ್ಥಾಪಕ ತನ್ನದೇ ಟೇಪನ್ನು ನೋಡಿದ. ಅದು ಅರವತ್ತೊಂದೂವರೆಯಲ್ಲಿ ನೆಟ್ಟಗೆ ನಿಂತಿತ್ತು. ಬಿಡುವ ಗುಂಡಿ ಒತ್ತಿದಾಗ ಸರ್ರನೆ ಒಳಗೆ ಓಡಿಹೋಯಿತು, ಅವನಿಗೂ ಹಾಗೇ ಓಡಬೇಕು ಅನ್ನಿಸಿರಬೇಕು. ಯುವಕ ಹಿಂದಿನಿಂದ ಮೆಲ್ಲಗೆ, ಸಹಿ ನನ್ನದೇ ಸರ್, ತಮಾಷೆಗೆ ಹಾಕಿದ್ದೆ ಎಂದ. ತಮಾಷೆಗೆ ತಾರೀಕು ಯಾಕಪ್ಪ ಹಾಕಿದೆ ಎಂದು ಕೇಳಿದಳು ದೊಡ್ಡಮ್ಮ.

ಮೂರು ವಾರದಲ್ಲಿ ಬ್ರೋಷರಿನಲ್ಲಿದ್ದಂಥದೇ ಕಾರು ಬಂತು, ಬೇರೆ ಊರಿನ ಶೋರೂಮಿನಲ್ಲಿ ಉಳಿದಿದ್ದದ್ದು. ಬಣ್ಣ ಮಾತ್ರ ಮೊದಲಿನದರ ಹಾಗೆ ನೀಲಿಯಲ್ಲ, ಬದನೆಕಾಯಿ. ದೊಡ್ಡಪ್ಪ ಒಂದು ದಿನ ಊಟ ಸೇರದೆ ಕೂತ. ಎರಡನೆಯ ದಿನ ಒಮ್ಮೆ ತೊಳೆದ. ಮೂರನೆಯ ದಿನ ಬೀದಿಯವರಿಗೆ, ನೀಲಿ ಕಾರು ಯಾರ ಮನೆಯಲ್ಲಿ ಇಲ್ಲ ಹೇಳಿ ಎನ್ನತೊಡಗಿದ. ಸಹಿ ಹಾಕುವ ಮೊದಲು ಈ ಸಲ ತಾನೇ ಡಿಕ್ಕಿ ತೆರೆಸಿ, ಸೀಟು ಮಡಿಸಿ, ಉಕ್ಕಿನ ಟೇಪಿನಲ್ಲಿ ಅಳೆದಿದ್ದ. ಅರವತ್ತೆಂಟು. ಸೀಟು ನೆಲಕ್ಕೆ ನೀರಿನ ಹಾಗೆ ಸಮ. ಖಾಲಿ ಪೆಟ್ಟಿಗೆ ತಳ್ಳಿದರೆ ಒಳಗೆ ಹೋಗಿ ಇನ್ನೂ ಎರಡು ಇಂಚು ಮಿಕ್ಕಿತ್ತು. ಹೊಲಿಗೆಗೆ ಬಿಡುವ ಅಂಚಿನಷ್ಟು ಎಂದು ದೊಡ್ಡಮ್ಮ ಸಂತೋಷಪಟ್ಟಳು.

ನಾಟಕದ ಬೆಳಗ್ಗೆ ಟೇಪಮ್ಮ ಎಲ್ಲರಿಗಿಂತ ಮೊದಲು ಎದ್ದಳು. ಇಸ್ತ್ರಿ ಮಾಡಿದ ಹಸಿರು ಬಟ್ಟೆ ಉಟ್ಟು, ತಲೆ ಬಾಚಿ, ಕೊರಳಿನ ಟೇಪನ್ನು ಬಿಚ್ಚಿ ಮೊಳೆಗೆ ಹಾಕಿದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೆ ಹಾಕಿಕೊಂಡಳು. ನಾಲ್ಕು ನಿಲುವಂಗಿಯನ್ನು ಒಂದರ ಮೇಲೊಂದು, ನಡುವೆ ತೆಳು ಬಟ್ಟೆ ಹಾಸಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ರಾಜನದು ಎಲ್ಲದರ ಮೇಲೆ. ಪೆಟ್ಟಿಗೆ ಒಳಗೆ ಸರಿಯಿತು. ಡಿಕ್ಕಿಯ ಬಾಗಿಲು ಟಪ್ಪನೆ ಮುಚ್ಚಿತು. ಆ ಸದ್ದಿಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ದೊಡ್ಡಪ್ಪ ಚಕ್ರದ ಮುಂದೆ ಕೂತ, ಬಸ್ಸಿನ ಕಾಲದ ಹಾಗೆ ಬೆನ್ನು ನೆಟ್ಟಗೆ ಮಾಡಿ. ಅಳತೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ದೊಡ್ಡಮ್ಮ ಪಕ್ಕದಲ್ಲಿ ಕೂತಳು. ಮಖಮಲ್ಲು ಒಪ್ಪಿಸಿಕೊಂಡ ಸಹಿ ಬೇಕಲ್ಲ. ಟೇಪಮ್ಮ ಹಿಂದಿನ ಬಾಗಿಲು ತೆರೆದಳು.

ಸೀಟು ಇರಲಿಲ್ಲ. ಇದ್ದ ಸೀಟು ಒಂದೇ ತುಂಡಾಗಿ ನೆಲಕ್ಕೆ ಸಮವಾಗಿ ಮಲಗಿತ್ತು. ಅದರ ಮೇಲೆ ಪೆಟ್ಟಿಗೆ ಈ ಕಡೆಯಿಂದ ಆ ಕಡೆಯವರೆಗೆ ರಾಜನ ಹಾಗೆ ಒರಗಿತ್ತು. ಶೋರೂಮಿನಲ್ಲಿ ಬರೆದ ಅಳತೆಗೆ ಒಂದು ಕೂದಲೆಳೆಯ ಹೆಚ್ಚುಕಮ್ಮಿ ಇರಲಿಲ್ಲ. ಪೆಟ್ಟಿಗೆಗೆ ಉದ್ದ ಅಳೆದಿದ್ದರು, ಅಗಲ ಅಳೆದಿದ್ದರು, ಎತ್ತರ ಅಳೆದಿದ್ದರು. ಮೂವರು ಹೊರಟಿದ್ದೇವೆ ಎಂಬುದನ್ನು ಯಾರೂ ಬರೆದಿರಲಿಲ್ಲ. ಆ ಪುಟದ ಅಳತೆ ಬರೆದವಳು ಟೇಪಮ್ಮನೇ.

ಅವಳು ಬಾಗಿಲು ಹಿಡಿದು ನಿಂತಳು. ಮುಂದಿನಿಬ್ಬರೂ ತಿರುಗಿ ಪೆಟ್ಟಿಗೆಯನ್ನು ನೋಡಿದರು, ಅವಳ ಹಸಿರು ಬಟ್ಟೆಯನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ದೊಡ್ಡಪ್ಪನ ಎರಡೂ ಕೈ ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು. ದೊಡ್ಡಮ್ಮ ಕಟ್ಟಿಕೊಂಡಿದ್ದ ಬೆಲ್ಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ನಾನೂ ಬರ್ತೀನಿ,” ಎಂದಳು ಟೇಪಮ್ಮ. “ಯಾರಾದ್ರೂ ಒಬ್ಬರು ಇಳೀರಿ.”